ಪಡಸಾಲೆಯ ಅಳತೆ

ಟೇಪು ಹಿಡಿದು ಪಡಸಾಲೆ ಅಳೆಯುವ ಕೆಲಸ ಕೃಷ್ಣೆಯ ದಂಡೆಯ ನಮ್ಮ ಯಡೂರಿನಲ್ಲಿ ನಿಂತೇಹೋಗಿದೆ. ಮನೆ ಕಟ್ಟುವ ಅಳತೆಯ ಮಾತಲ್ಲ. ಹೋಮ್ ಥಿಯೇಟರಿನ ಒಂದೊಂದು ಬಾಕ್ಸು ಕೂತವರ ಕಿವಿಯಿಂದ ಎಷ್ಟು ದೂರ ಎಂದು ಅಳೆದು, ಆ ಲೆಕ್ಕವನ್ನು ರಿಮೋಟಿನಿಂದ ಮೆನುವಿಗೆ ತುಂಬಿ, ಕೊನೆಗೆ ಕಿವಿಯಿಂದಲೇ ತೀರ್ಮಾನಿಸುತ್ತಿದ್ದ ಕೆಲಸ ಅದು. 2000ದ ದಶಕದಲ್ಲಿ ಡಿವಿಡಿ ಪ್ಲೇಯರಿನ ಬೆನ್ನಿಗೇ ಐದು ಬಾಕ್ಸು, ಒಂದು ವೂಫರಿನ ಸೆಟ್ಟುಗಳು ಹಳ್ಳಿಗೆ ಬಂದವು. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಕೆಲವರು ಕೊಲ್ಲಾಪುರಕ್ಕೋ ಮೀರಜಿಗೋ ಹೋಗಿ ಕಂಪನಿಯದು ತಂದರು. ಉಳಿದವರು ಚಿಕ್ಕೋಡಿ, ನಿಪ್ಪಾಣಿ ಕಡೆ ರಿಪೇರಿ ಅಂಗಡಿಯಲ್ಲಿ ಆಂಪ್ಲಿಫೈಯರ್ ಕೂಡಿಸಿಕೊಂಡರು. ಯಾವುದನ್ನೇ ತಂದರೂ ಹಚ್ಚಿದ ಕೂಡಲೇ ಅದು ಚಂದ ಕೇಳುತ್ತಿರಲಿಲ್ಲ. ಮನೆಗೆ ಹೊಂದಿಸಬೇಕಿತ್ತು.

ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ಹೀಗೆ ದೂರ ಅಳೆದು ಹೊಂದಿಸುವುದರ ಮರ್ಮ ಮೊದಲೇ ಗೊತ್ತು. ವೀರಭದ್ರ ದೇವರ ಗುಡಿಯ ಹತ್ತಿರ ಕೃಷ್ಣೆಗೆ ಮುಖ ಮಾಡಿ ಕೂತರೆ, ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಕಾಣುತ್ತಾರೆ. ಬಟ್ಟೆ ಕಲ್ಲಿಗೆ ಬಡಿದದ್ದು ಕಣ್ಣಿಗೆ ಕಂಡಾಗ ಸಪ್ಪಳ ಇರುವುದಿಲ್ಲ. ಕೈ ಮತ್ತೆ ಮೇಲೆದ್ದಾಗ ಸಪ್ಪಳ ಬಂದು ಮುಟ್ಟುತ್ತದೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 170 ಮೀಟರ್ ದಾಟಲು ಅದಕ್ಕೆ ಅರ್ಧ ಸೆಕೆಂಡು ಬೇಕು. ಜಾತ್ರೆಯಲ್ಲಿ ಗುಡಿಯ ಮುಂದಿನ ಹಾರ್ನಿಗೂ ಅಗಸಿಯ ಹಾರ್ನಿಗೂ ನಡುವೆ ನಿಂತವರಿಗೆ ಒಂದೇ ಮಾತು ಎರಡೆರಡು ಸಲ ಕೇಳುವುದೂ ಇದರಿಂದಲೇ.

ಪಡಸಾಲೆಯೊಳಗೆ ಅದೇ ಲೆಕ್ಕ ಸಣ್ಣದಾಗುತ್ತದೆ. ಒಂದು ಅಡಿಗೆ ಸುಮಾರು 0.9 ಮಿಲಿಸೆಕೆಂಡು. ಮುಂದಿನ ಬಾಕ್ಸು 11 ಅಡಿ, ಹಿಂದಿನದು 5 ಅಡಿ ದೂರ ಇದ್ದರೆ ಹಿಂದಿನ ದನಿ ಐದು ಮಿಲಿಸೆಕೆಂಡಿಗೂ ಮೊದಲೇ ಬಂದುಬಿಡುತ್ತದೆ. ಅಷ್ಟಕ್ಕೇ ಏನಾಗುತ್ತದೆ ಎಂದು ಕೇಳಬಹುದು. ಒಂದೇ ದನಿ ಎರಡು ಕಡೆಯಿಂದ ಚೂರು ಹಿಂದುಮುಂದಾಗಿ ಬಂದರೆ ಕಿವಿ ಅದನ್ನು ಒಂದೇ ಎಂದು ಕೇಳುತ್ತದೆ. ಮೊದಲು ಬಂದ ದಿಕ್ಕನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಇದನ್ನು ಪರೀಕ್ಷೆ ಮಾಡಿ 1949ರಲ್ಲಿ ಬರೆದ. ಹಾಗಾಗಿ ಹತ್ತಿರದ ಬಾಕ್ಸನ್ನು ತಡೆದು ನಿಲ್ಲಿಸಬೇಕು, ದೂರದ್ದು ಬಂದು ಕೂಡಿಕೊಳ್ಳುವವರೆಗೆ. ಆ ತಡೆಗೆ ಮೆನುವಿನಲ್ಲಿ 'ಡಿಲೇ' ಎಂಬ ಹೆಸರಿತ್ತು. ಅದನ್ನು ಸರಿಯಾಗಿ ಇಟ್ಟ ಮನೆಯಲ್ಲಿ 'ಮುಂಗಾರು ಮಳೆ' ಹಚ್ಚಿದರೆ ಮಳೆ ಸುತ್ತ ಸುರಿಯುತ್ತಿತ್ತು, ಮಾತು ಮಾತ್ರ ಟೀವಿಯಿಂದಲೇ ಬರುತ್ತಿತ್ತು.

ಮೊದಲ ಕೆಲಸ ಶೆಲ್ಲಿನದು. ಟಾರ್ಚಿನಿಂದ 1.5 ವೋಲ್ಟಿನ ಒಂದು ಶೆಲ್ ತೆಗೆದು, ಬಾಕ್ಸಿನ ಎರಡೂ ವಾಯರಿನ ತುದಿ ಹೆರೆದು, ಒಂದು ಗಳಿಗೆ ಮಾತ್ರ ತಾಗಿಸುವುದು. 'ಟಕ್' ಎಂದು ಸ್ಪೀಕರಿನ ಕಾಗದ ಹೊರಗೆ ಜಿಗಿದರೆ ಶೆಲ್ಲಿನ ಪ್ಲಸ್ಸಿಗೆ ತಾಗಿದ ವಾಯರೇ ಪ್ಲಸ್ಸು. ಒಳಗೆ ಹೋದರೆ ಉಲ್ಟಾ. ಒಬ್ಬರು ತಾಗಿಸಬೇಕು, ಇನ್ನೊಬ್ಬರು ಜಾಳಿಗೆ ಬಿಚ್ಚಿದ ಬಾಕ್ಸಿನ ಮುಂದೆ ಕಣ್ಣಿಟ್ಟು ಕೂಡಬೇಕು. ಎಡದ್ದು ಸೀದಾ, ಬಲದ್ದು ಉಲ್ಟಾ ಇದ್ದರೆ ಎರಡೂ ಒಂದನ್ನೊಂದು ನುಂಗಿ ಬೇಸು ತೆಳ್ಳಗಾಗುತ್ತದೆ. ಇದನ್ನು ನೋಡಿಕೊಳ್ಳದೆ ಡಿಲೇ ಮುಟ್ಟಿ ಉಪಯೋಗವಿಲ್ಲ.

ಆಮೇಲೆ ಟೇಪು. ಎಲ್ಲಿಂದ ಅಳೆಯುವುದು? ನಮ್ಮ ಮನೆಯಲ್ಲಿ ಆಯಿ ಕೂಡುವ ಜಾಗದಿಂದ, ಗೋಡೆಗೆ ಆನಿಸಿದ ಆಕೆಯ ತಲೆಯ ಎತ್ತರದಿಂದ. ಅಪ್ಪನದು ಬಾಗಿಲ ಪಕ್ಕದ ಕುರ್ಚಿ, ನಮ್ಮದು ನೆಲದ ಮೇಲಿನ ಜಮಖಾನೆ. ಎಲ್ಲರಿಗೂ ಸರಿಹೊಂದುವ ಲೆಕ್ಕ ಇರುವುದಿಲ್ಲ, ಒಬ್ಬರನ್ನು ನಡುವೆ ಇಟ್ಟುಕೊಳ್ಳಲೇಬೇಕು. ಯಾರನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಮನೆಯವರು ಮಾತಾಡಿ ಗೊತ್ತು ಮಾಡುತ್ತಿದ್ದರು. ನನಗೆ ಈ ಇಡೀ ಕೆಲಸದಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಕಡೆಗೆ ಟೆಸ್ಟ್ ಟೋನ್. ಎಡ, ನಡು, ಬಲ, ಹಿಂದಿನ ಬಲ, ಹಿಂದಿನ ಎಡ ಎಂದು 'ಶ್ಶ್' ಎನ್ನುವ ದನಿ ಮನೆ ಸುತ್ತುತ್ತಿತ್ತು. ಪೇಟೆಯ ಸ್ಟುಡಿಯೋದವರು ಮೀಟರ್ ಹಿಡಿದು ಎಲ್ಲವನ್ನೂ ಒಂದೇ ಮಟ್ಟಕ್ಕೆ ಸರಿಮಾಡುತ್ತಾರಂತೆ. ಯಡೂರಿನಲ್ಲಿ ಮೀಟರ್ ಎಲ್ಲಿಯದು? ನಮ್ಮ ಕಾಕಾ ರಿಮೋಟ್ ಹಿಡಿದು ಕೇಳುತ್ತಿದ್ದರು: "ಆಯಿ, ಹಿಂದಿಂದು ಜೋರ ಬರಾಕತ್ತೇತೇನು?" ಆಕೆ ಕಣ್ಣು ಮುಚ್ಚಿ, ಕೈ ಎತ್ತಿ, "ಎಡಗಡೆ ಬಾಳ ಆತು, ಇಳಸೋ" ಅನ್ನುತ್ತಿದ್ದಳು. ಕರಡಿ ಮಜಲು ಮೇಳದ ಹೊಡೆತದ ನಡುವೆ ಶಹನಾಯಿ ತಪ್ಪಿದ್ದನ್ನು ಹಿಡಿಯುತ್ತಿದ್ದ ಕಿವಿ ಅದು. ಆದರೆ ವಯಸ್ಸಾದಂತೆ ಬಲಗಿವಿ ಮಂದವಾಗಿತ್ತು. ಆಕೆಗಾಗಿ ಬಲಗಡೆ 2 ಡೆಸಿಬಲ್ ಏರಿಸಿ, ಮಾತು ಬರುವ ನಡುವಿನ ಬಾಕ್ಸನ್ನು ಇನ್ನೂ ಒಂದು ಏರಿಸಿ ಇಟ್ಟೆವು. ಪುಸ್ತಕದ ಪ್ರಕಾರ ಅದು ತಪ್ಪು. ಮನೆಗೆ ಅದೇ ಸರಿ, ಈಗಲೂ ಹಾಗೇ ಅನ್ನುತ್ತೇನೆ.

ಕರೆಂಟು ಹೋಗಿ ಬಂದರೆ ಅಗ್ಗದ ಸೆಟ್ಟುಗಳು ಇದನ್ನೆಲ್ಲ ಮರೆಯುತ್ತಿದ್ದವು. ನಮ್ಮ ಕಡೆ ಕರೆಂಟು ಹೋಗದ ದಿನ ಯಾವುದು? ಅದಕ್ಕೇ ಕ್ಯಾಲೆಂಡರಿನ ಹಿಂದೆ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆವು: ಎಡ 11, ಬಲ 11, ನಡು 10, ಹಿಂದೆ 5. ಕೆಳಗೆ ಏರಿಳಿತದ ಲೆಕ್ಕ. ಹೊಸ ಕ್ಯಾಲೆಂಡರ್ ತೂಗುಹಾಕುವಾಗಲೂ ಆ ಜಾಗ ಬದಲಾಗುತ್ತಿರಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂತು. 2005ರಲ್ಲೂ ಬಂದಿತ್ತು. ಕಲ್ಲೋಳ–ಯಡೂರು ಬ್ಯಾರೇಜು ಮುಳುಗುವುದು ಮಳೆಗಾಲದ ಮಾಮೂಲು ಸುದ್ದಿ, ಮನೆ ಮುಳುಗುವುದು ಹಾಗಲ್ಲ. ಟೀವಿ, ಕಾಳಿನ ಚೀಲ ಸಾಗಿಸಿದೆವು. ಬಾಕ್ಸು ಉಳಿದವು. ಅವುಗಳ ಮರ ನಿಜವಾದ ಮರವಲ್ಲ, ಪುಡಿ ಒತ್ತಿ ಮಾಡಿದ ಹಲಗೆ. ನೀರು ಕುಡಿದು ಉಬ್ಬಿ, ಮೂಲೆ ಬಿಟ್ಟು, ಸ್ಪೀಕರಿನ ಕಾಗದ ಕೈಗೆ ಹತ್ತಿತು. ಮಣ್ಣಿನ ಗೋಡೆಯ ಜೊತೆ ಪೆನ್ಸಿಲಿನ ಬರಹವೂ ಇಳಿದುಹೋಯಿತು. ಆಯಿ ಅದಕ್ಕೂ ಮೊದಲೇ ಹೋಗಿದ್ದಳು.

ಹೊಳೆಯೊಂದೇ ಕಾರಣ ಎಂದರೆ ತಪ್ಪಾದೀತು. ನೆರೆ ಮುಟ್ಟದ ಮನೆಗಳಲ್ಲೂ ಹಿಂದಿನ ಬಾಕ್ಸು ಅಟ್ಟ ಸೇರಿವೆ. ಎಲ್ಲರ ಕೈಯಲ್ಲೂ ಮೊಬೈಲು, ಟೀವಿಯ ಕೆಳಗೆ ಉದ್ದನೆಯ ಸೌಂಡ್‌ಬಾರು. ದೊಡ್ಡ ಆಂಪ್ಲಿಫೈಯರ್ ಕೊಂಡವರಿಗೆ ಆಡಿಸ್ಸಿ, ಯಮಾಹಾದ ವೈಪಿಎಒ, ಪಯೊನಿಯರಿನ ಎಂಸಿಎಸಿಸಿ ಎಂಬ ಏರ್ಪಾಡುಗಳಿವೆ. ಕೂಡುವ ಜಾಗದಲ್ಲಿ ಸಣ್ಣ ಮೈಕ್ ಇಟ್ಟು ಗುಂಡಿ ಒತ್ತಿದರೆ ದೂರ, ಮಟ್ಟ ಎಲ್ಲ ತಾನೇ ಅಳೆಯುತ್ತದೆ. ಅಳತೆ ನಮ್ಮ ಟೇಪಿಗಿಂತ ಬಿಗಿ, ಒಪ್ಪುತ್ತೇನೆ. ಆದರೆ ಅಳೆಯುವಾಗ ಎಲ್ಲರೂ ಸುಮ್ಮನಿರಬೇಕು, ಸಾಧ್ಯವಾದರೆ ಹೊರಗೇ ಹೋಗಿಬಿಡಬೇಕು. ಕೂಡುವವರ ಬಲಗಿವಿ ಮಂದ ಎಂಬುದು ಆ ಮೈಕಿಗೆ ಹೇಗೆ ತಿಳಿಯಬೇಕು? ಕೆಲವು ಸೌಂಡ್‌ಬಾರುಗಳು ದನಿಯನ್ನು ಮೇಲಕ್ಕೆ ಎಸೆದು ಮಾಳಿಗೆಗೆ ಬಡಿಸಿ ಕೆಳಗಿಳಿಸುತ್ತವೆ. ಅದಕ್ಕೆ ಸಪಾಟಾದ ಮಾಳಿಗೆ ಬೇಕು. ನಮ್ಮಲ್ಲಿ ತೊಲೆ-ಜಂತಿಯ ಮನೆಗಳಿವೆ, ಇಳಿಜಾರು ಪತ್ರಾಸಿನ ಮನೆಗಳಿವೆ. ದನಿ ಎಲ್ಲೆಲ್ಲೋ ಚದುರುತ್ತದೆ. ಯಾವುದೋ ಫ್ಲ್ಯಾಟಿನ ಪಡಸಾಲೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿ ಕೂತಿದೆ.

ಈಗ ಅಣ್ಣನ ಮಕ್ಕಳು ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿದ್ದಾರೆ. ಆರ್‌ಸಿಸಿ, ಟೈಲ್ಸು, ಗೋಡೆಗೆ ದೊಡ್ಡ ಟೀವಿ. ಹೋದಾಗಲೆಲ್ಲ ಪ್ರೀತಿಯಿಂದ "ಕಾಕಾ, ಬರ್ರಿ, ಕೂಡ್ರಿ" ಅಂತ ಸೋಫಾದ ಮೇಲೆ ಕೂಡಿಸಿ ಪಿಚ್ಚರ್ ಹಚ್ಚುತ್ತಾರೆ. ದನಿ ಮುಂದಿನಿಂದ ಬರುತ್ತದೆ, ಗಟ್ಟಿಯಾಗಿಯೇ ಬರುತ್ತದೆ. ಸೋಫಾದಿಂದ ಟೀವಿಗೆ ಎಷ್ಟು ಅಡಿ ಎಂದು ಕೇಳಿದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.