ನೀರು ಬರುತ್ತಿದೆಯೇ?

೨೦೨೪ರ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದ ನಾವು ಭಾವನವರ ಎಂಜಿನ್ ಸುಟ್ಟೆವು. ಸುಟ್ಟೆವು ಎಂದರೆ ಬೆಂಕಿ ಹಚ್ಚಿದೆವೆಂದಲ್ಲ. ಹೊಳೆಯ ನಡುವೆ ಕುಳಿತು ನೀರಿಲ್ಲದೆ ಸುಟ್ಟೆವು. ಬಿ.ಎಸ್ಸಿ. ಓದಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಮತ್ಸ್ಯಗಂಧಾದಲ್ಲಿ ಕುಂದಾಪುರಕ್ಕೆ ಬಂದಿಳಿದು ನಾಲ್ಕು ದಿನವಾಗಿತ್ತು. ಅಕ್ಕನ ಮನೆ ಗಂಗೊಳ್ಳಿಯ ಕಡೆ, ಪಂಚಗಂಗಾವಳಿಯ ದಡದಲ್ಲಿ. ಐದು ಹೊಳೆಗಳು ಕೂಡಿ ಅಳಿವೆಯಲ್ಲಿ ಕಡಲಿಗೆ ಬೀಳುವ ಜಾಗವದು. ಭಾವನವರದು ನಾಡದೋಣಿ, ಅದರ ಹಿಂಬದಿಗೆ ತಗುಲಿಸಿದ ೯.೯ ಅಶ್ವಶಕ್ತಿಯ ಹಳೆಯ ಔಟ್‌ಬೋರ್ಡ್ ಎಂಜಿನ್. ಈ ಅಂಕಿಯಲ್ಲೇ ಅವರ ಸಂಸಾರವಿದೆ. ಜೂನ್ ೧ರಿಂದ ಜುಲೈ ೩೧ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ೧೦ ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ವಿನಾಯಿತಿಯುಂಟು. ದೊಡ್ಡ ಬೋಟುಗಳು ದಡ ಸೇರಿದ ಆ ಎರಡು ತಿಂಗಳ ಸಿಗಡಿಯಿಂದಲೇ ಅಕ್ಕನ ಮನೆಯ ವರ್ಷದ ಅರ್ಧ ಲೆಕ್ಕ ತೀರುವುದು. ನಾವು ಈ ಪರಾಕ್ರಮ ಮೆರೆದದ್ದು ಮೇ ೨೩ರಂದು.

ಮಗಳಿಗೆ ಕುದ್ರುಗಳನ್ನು ತೋರಿಸುವ ಉತ್ಸಾಹದಲ್ಲಿ ಎಂಜಿನ್ನಿನ ಹಿಡಿಕೆಯನ್ನು ನಾವೇ ಕೇಳಿ ಪಡೆದೆವು. ಭಾವ ಕೊಡುವಾಗಲೇ ಎಂಜಿನ್ನಿನ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಎಳೆಯನ್ನು ತೋರಿಸಿ, "ಅದನ್ ಕಾಂತಾ ಇರಿ ಭಾವ" ಎಂದಿದ್ದರು. (ದೋಣಿಯವರು ಆ ಎಳೆಗೆ ಇಟ್ಟಿರುವ ಹೆಸರನ್ನು ಸಂಸಾರವಂದಿಗರ ಪತ್ರಿಕೆಯಲ್ಲಿ ಬರೆಯಲಾಗದು.) ಈ ಯಂತ್ರಕ್ಕೆ ರೇಡಿಯೇಟರ್ ಇಲ್ಲ. ಕೆಳಗಿನ ರಬ್ಬರಿನ ಚಕ್ರ ಹೊಳೆಯ ನೀರನ್ನೇ ಮೇಲೆ ತಳ್ಳುತ್ತದೆ. ಅದು ಸಿಲಿಂಡರಿನ ಸುತ್ತ ಹರಿದು ಹೊರಬೀಳುತ್ತದೆ. ಹರಿಯುತ್ತಿದೆ ಎಂಬುದಕ್ಕೆ ಸಾಕ್ಷಿ ಆ ಎಳೆಯೊಂದೇ. ನಾವು ಕಾಲೇಜಿನ ದಿನಗಳ ಕತೆ ಹೇಳುತ್ತಿದ್ದೆವು. ಎಳೆ ಯಾವಾಗ ನಿಂತಿತೋ! ಸುಟ್ಟ ಬಣ್ಣದ ವಾಸನೆ ಬಂತು, ವೇಗ ಇಳಿಯಿತು. ನಾವೋ ಇನ್ನಷ್ಟು ವೇಗ ಕೊಟ್ಟೆವು. ಎಂಜಿನ್ ಒಮ್ಮೆ ನರಳಿ ನಿಂತಿತು.

ಇಳಿತದ ಹೊತ್ತು. ದೋಣಿ ಅಳಿವೆಯ ಕಡೆಗೆ ಸರಿಯತೊಡಗಿತು. ಭಾವ ಮಾತಾಡದೆ ಲಂಗರು ಹಾಕಿದರು. ನಾವು ತಂಬಿಗೆಯಲ್ಲಿ ನೀರು ಮೊಗೆದು ಎಂಜಿನ್ನಿನ ತಲೆಗೆ ಹೊಯ್ಯಲು ಹೋದಾಗ ಕೈ ಹಿಡಿದರು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ, ಬಿರಿಯಲೂಬಹುದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವರು ನಾವು. ಪಿಸ್ಟನ್ನು ಕಬ್ಬಿಣದ ತೋಳಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವುದು ಅದರಿಂದಲೇ ಎಂಬುದು ಅಲ್ಲಿ ಹೊಳೆಯಿತು. ಎಂಜಿನ್ ಎತ್ತಿ ನೋಡಿದರೆ ನೀರು ಹೀರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿತ್ತು. ಹುಟ್ಟು ಹಾಕಿ ಮನೆ ಸೇರುವಾಗ ಕತ್ತಲಾಗಿತ್ತು.

ಆ ರಾತ್ರಿ ಅಕ್ಕ ಎಂದಿನಂತೆಯೇ ಬಡಿಸಿದಳು. ಅದೇ ಹೆಚ್ಚು ನೋಯಿಸಿತು. ಹೊಸ ಎಂಜಿನ್ನಿಗೆ ಲಕ್ಷಕ್ಕೂ ಮೇಲೆ ಬೇಕು. ನಮ್ಮಲ್ಲಿ ಇದ್ದದ್ದು ಮಗಳ ಕಾಲೇಜಿಗೆಂದು ತೆಗೆದಿಟ್ಟ ಹಣ. ಹಾಸಿಗೆಯಲ್ಲಿ ನಮ್ಮಾಕೆ, "ಕೊಟ್ಟುಬಿಡುವ" ಎಂದಳು. ನಾವು ಉತ್ತರ ಕೊಡಲಿಲ್ಲ.

ಮರುದಿನ ಮೆಕ್ಯಾನಿಕ್ ಬಂದರು, ಎಪ್ಪತ್ತು ದಾಟಿದವರು. ಮೊದಲ ಪ್ರಶ್ನೆ, "ಬಿಸಿ ಇಪ್ಪತ್ತಿಗೆ ಹಗ್ಗ ಎಳದ್ರ್ಯಾ?" ಇಲ್ಲವೆಂದಾಗ ಅವರ ಮುಖ ಕೊಂಚ ಸಡಿಲಿತು. ಸ್ಪಾರ್ಕ್ ಪ್ಲಗ್ ಎರಡನ್ನೂ ಬಿಚ್ಚಿ ಫ್ಲೈವೀಲನ್ನು ಕೈಯಿಂದಲೇ ತಿರುಗಿಸಿದರು, ತಿರುಗಿತು. ಪ್ಲಗ್ಗಿನ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಪಿಸ್ಟನ್ ಕರಗಿದ್ದರೆ ಅಲ್ಲಿ ಅಲ್ಯೂಮಿನಿಯಮ್ಮಿನ ಬೆಳ್ಳಿ ಚುಕ್ಕಿಗಳು ಅಂಟಿರುತ್ತವಂತೆ. ಇರಲಿಲ್ಲ. ಆಮೇಲೆ ಒತ್ತಡದ ಗೇಜು. ಕೆಳಗಿನ ಸಿಲಿಂಡರ್ ೧೦೫ ಪೌಂಡು ತೋರಿಸಿತು, ಮೇಲಿನದು ೮೦. ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಇದು ಅದನ್ನು ಮೀರಿತ್ತು. ಭಾವ ಬೀಡಿ ಹಚ್ಚಿ ಆಚೆ ನಡೆದರು.

ಮೇಲಿನ ಸಿಲಿಂಡರಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಅಳೆದರು. ಒತ್ತಡ ಏರಿದರೆ ರಿಂಗು ಹೋಗಿದೆ ಎಂದು ಲೆಕ್ಕ, ಏರದಿದ್ದರೆ ಸೋರಿಕೆ ತಲೆಯ ಗ್ಯಾಸ್ಕೆಟ್ಟಿನಲ್ಲಿ. ಜಾತಕದ ಫಲ ಕೇಳುವವರಂತೆ ನಾವು ಕುಕ್ಕರಗಾಲಲ್ಲಿ ಕುಳಿತಿದ್ದೆವು. ಮುಳ್ಳು ೮೦ರಲ್ಲೇ ನಿಂತಿತು. ತಲೆ ಬಿಚ್ಚಿದಾಗ ಗ್ಯಾಸ್ಕೆಟ್ ಒಂದು ಕಡೆ ಕರಕಲಾಗಿತ್ತು. ನೀರಿನ ದಾರಿಗಳಲ್ಲಿ ಉಪ್ಪು ಸುಣ್ಣದಂತೆ ಗಟ್ಟಿ ಕಟ್ಟಿತ್ತು. ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ತೆಳು ಗೆರೆಗಳು. ಮುದುಕರು ನಮ್ಮ ಕೈ ಹಿಡಿದು ಉಗುರನ್ನು ಗೆರೆಗಳ ಮೇಲೆ ಅಡ್ಡಕ್ಕೆ ಎಳೆಸಿದರು. "ಸಿಕ್ಕತ್ತಾ?" ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

ರಬ್ಬರಿನ ಚಕ್ರದಲ್ಲಿ ಎರಡು ಎಸಳು ಮುರಿದಿದ್ದವು. ಹೊಸ ಚಕ್ರ ಹಾಕಿದರೆ ಮುಗಿಯಿತೆಂದು ನಾವು ತಿಳಿದೆವು. ಮುದುಕರು ಒಪ್ಪಲಿಲ್ಲ, ಮುರಿದ ತುಂಡುಗಳು ಸಿಗಲೇಬೇಕು, ಇಲ್ಲದಿದ್ದರೆ ಒಳಗೆಲ್ಲೋ ಕುಳಿತು ನಾಳೆ ಮತ್ತೆ ನೀರು ಕಟ್ಟುತ್ತವೆ. ಒಂದು ನೀರಿನ ಕೊಳವೆಯಲ್ಲಿತ್ತು. ಇನ್ನೊಂದಕ್ಕೆ ಮಧ್ಯಾಹ್ನದವರೆಗೆ ಹುಡುಕಾಟ. ಕೊನೆಗೆ ಥರ್ಮೋಸ್ಟಾಟಿನ ಬುಡದಲ್ಲಿ ಅದನ್ನು ಕಂಡವಳು ನಮ್ಮ ಮಗಳು. ಥರ್ಮೋಸ್ಟಾಟನ್ನು ಅಕ್ಕನ ಚಹಾ ಪಾತ್ರೆಯಲ್ಲಿ ಕಾಸಿದೆವು. ನೀರು ಕುದಿಯುವ ಬಹಳ ಮೊದಲೇ ಅದು ಬಾಯಿ ತೆರೆಯಿತು. "ಆ ಪಾತ್ರಿ ಇನ್ನ್ ನಿಮಗೇ" ಎಂದು ಅಕ್ಕ ನಕ್ಕಳು. ಎರಡು ದಿನಗಳಲ್ಲಿ ಅದೇ ಮೊದಲ ನಗು.

ತಲೆಯನ್ನು ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿ ಸಮ ಮಾಡಿ, ಉಪ್ಪು ಕೆರೆದು, ಹೊಸ ಗ್ಯಾಸ್ಕೆಟ್ ಕೂಡಿಸಿದರು. ಗೇಜು ೧೦೫, ೧೦೩ ತೋರಿಸಿತು. ನೀರು ತುಂಬಿದ ಡ್ರಮ್ಮಿನಲ್ಲಿಟ್ಟು ಹಗ್ಗ ಎಳೆದಾಗ ಮೂರನೆಯ ಎಳೆತಕ್ಕೆ ಹೊತ್ತಿತು. ಎಲ್ಲರೂ ಬಗ್ಗಿ ನೋಡಿದೆವು. ಎಳೆ ಚಿಮ್ಮಿತು. ಕಾಲು ಗಂಟೆ ಕಳೆದರೂ ತಲೆಯ ಮೇಲೆ ಕೈಯಿಡಬಹುದಾದಷ್ಟೇ ಬಿಸಿ.

ಖರ್ಚು ಐದು ಸಾವಿರದೊಳಗೆ ಮುಗಿಯಿತು. ನಾವು ಕೊಡಹೋದರೆ ಭಾವ ತೆಗೆದುಕೊಳ್ಳಲಿಲ್ಲ. ಮುದುಕರಿಗೆ ಮೊದಲೇ ಕೊಟ್ಟಿದ್ದೆವೆಂಬುದು ನಾವು ರೈಲು ಹತ್ತಿದ ಮೇಲೆ ಅವರಿಗೆ ತಿಳಿಯಿತು. ಒಂದು ವಾರ ಫೋನಿನಲ್ಲಿ ಮಾತಾಡಲಿಲ್ಲ.

ಜೂನ್ ಎರಡನೆಯ ವಾರ ಕಚೇರಿಯಲ್ಲಿದ್ದಾಗ ಫೋನು ಬಂತು. ಆ ಕಡೆ ಎಂಜಿನ್ನಿನ ಸದ್ದು, ಗಾಳಿ. ಸಿಗಡಿ ಸಿಕ್ಕಿತೇ ಎಂದು ಕೇಳುವುದು ಬಿಟ್ಟು, "ನೀರ್ ಬತ್ತಾ ಇತ್ತಾ ಭಾವ?" ಎಂದು ನಾವು ಕೂಗಿದೆವು. ಪಕ್ಕದ ಮೇಜಿನ ಮರಾಠಿ ಮಿತ್ರರು ತಲೆ ಎತ್ತಿ ನೋಡಿದರು.

"ಬತ್ತಿತ್ತ್ ಮಾರಾಯ್ರೆ, ಬತ್ತಿತ್ತ್" ಎಂದರು ಭಾವ.