ಬಾಟಲ್ ಎಳೆ ಮತ್ತು ಅಪ್ಪನ ತಾರಸಿ

ನಮ್ಮಪ್ಪ ಗಾರೆ ಮೇಸ್ತ್ರಿ. 30 ವರ್ಷ ಊರವರಿಗೆಲ್ಲ ಮನೆ ಕಟ್ಟಿಕೊಟ್ಟವರು ತಮಗೊಂದು ತಾರಸಿ ಮನೆ ಕಟ್ಟೋಕೆ ಹೊರಟಿದ್ದು ಹೋದ ವರ್ಷ, ನನಗೆ ಕೆಲಸ ಸಿಕ್ಕ ಮೇಲೆ.

ಇಂಜಿನಿಯರಿಂಗ್ ಕೊನೆಯ ವರ್ಷದ ನನ್ನ ಪ್ರಾಜೆಕ್ಟ್, ಬಿಸಾಡಿದ ನೀರಿನ ಬಾಟಲ್‌ಗಳನ್ನು ಎಳೆಎಳೆಯಾಗಿ ಕತ್ತರಿಸಿ ಕಾಂಕ್ರೀಟಿಗೆ ಬೆರೆಸೋದು. ಲ್ಯಾಬಿನಲ್ಲಿ ಭಾರ ಹಾಕಿದಾಗ ಬರೀ ಕಾಂಕ್ರೀಟಿನ ತೊಲೆ ಟಪ್ ಅಂತ ಎರಡು ತುಂಡಾಗ್ತಿತ್ತು. ಎಳೆ ಹಾಕಿದ್ದು ಬಿರುಕು ಬಿಟ್ಟರೂ ಬೇರೆಯಾಗದೆ ಹಿಡಿದುಕೊಂಡಿರುತ್ತಿತ್ತು. ಆ ವಿಡಿಯೊ ನೋಡಿ ಅಪ್ಪ ನಕ್ಕಿದ್ದರು. “ಇದೇನು ಹೊಸದಾ? ನಿಮ್ಮಜ್ಜ ಗೋಡೆ ಮಣ್ಣಿಗೆ ಹುಲ್ಲು ಹಾಕಿ ತುಳೀತಿರ್ಲಿಲ್ವಾ?”

ತಾರಸಿ ಹಾಕೋ ವಾರ ದುಡ್ಡು ಸಾಲದಾಯ್ತು. ರಾತ್ರಿ ಊಟ ಆದ್ಮೇಲೆ ಅಪ್ಪ ಮೆಲ್ಲಗೆ ಕೇಳಿದರು. “ನಿನ್ ಬಾಟಲ್ ಎಳೆ ಹಾಕಿದ್ರೆ ಕಂಬಿ ಒಂಚೂರು ಕಮ್ಮಿ ಮಾಡ್ಬೋದೇನಮ್ಮ?”

ನನ್ನ ಗಂಟಲು ಕಟ್ಟಿತು. ಆ ಎಳೆಯ ಗುಣಗಾನ ಮಾಡ್ತಾ ಬಂದವಳೇ ನಾನು. “ಬೇಡಪ್ಪ. ಒಂದು ಕಂಬಿನೂ ಕಮ್ಮಿ ಮಾಡ್ಬಾರ್ದು” ಅಂದೆ.

ಯಾಕೆ ಅಂತ ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ತಾರಸಿ ಬಾಗದಂತೆ ಭಾರ ಹೊರೋದು ಲೆಕ್ಕ ಹಾಕಿ ಕಟ್ಟಿದ ಕಂಬಿ. ಎಳೆಗಳೋ ಅಡ್ಡಾದಿಡ್ಡಿ ಚದುರಿರುತ್ತವೆ, ಎಳೆದರೆ ಉಕ್ಕಿಗಿಂತ ಬೇಗ ಹಿಗ್ಗುತ್ತವೆ. ಕಾಂಕ್ರೀಟ್ ಹಸಿಯಿದ್ದಾಗ ನೀರು ಆರಿ ಏಳುವ ಸಣ್ಣ ಬಿರುಕುಗಳನ್ನು ಕಮ್ಮಿ ಮಾಡೋದು, ಬಿಟ್ಟ ಬಿರುಕು ಅಗಲವಾಗದಂತೆ ನೋಡಿಕೊಳ್ಳೋದು, ಅಷ್ಟೇ ಅವುಗಳ ಕೆಲಸ. ಜೊತೆಗೆ ಸಿಮೆಂಟಿನ ಕ್ಷಾರಕ್ಕೆ ಬಾಟಲ್ ಪ್ಲಾಸ್ಟಿಕ್ ವರ್ಷ ಕಳೆದಂತೆ ಸವೆಯುತ್ತದೆ.

ಅಪ್ಪ ಮಾತಾಡಲಿಲ್ಲ. ಸ್ಕೂಟರ್‌ಗೆ ಅಂತ ಕೂಡಿಟ್ಟಿದ್ದ ನನ್ನ ದುಡ್ಡು ಮರುದಿನ ಕಂಬಿಗೆ ಹೋಯ್ತು.

ತಾರಸಿ ಕ್ಯೂರಿಂಗ್ ಮುಗಿದ ಮೇಲೆ ಅವರೇ ಕರೆದರು. “ಗೇಟಿಂದ ಬಾಗಿಲವರೆಗಿನ ಕಾಲುದಾರಿಗೆ ನಿನ್ ಎಳೆ ಹಾಕು, ನೋಡೋಣ.”

12 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪ. ಗಾತ್ರದ ಅರ್ಧ ಪರ್ಸೆಂಟ್ ಅಂದ್ರೂ ಎರಡೂವರೆ ಕೆಜಿ ಹತ್ತಿರ ಎಳೆ ಬೇಕು. ಬಾಟಲ್‌ನ ಕತ್ತು, ತಳ ಬಿಟ್ಟರೆ ಸಿಗೋದು ಕೆಲವೇ ಗ್ರಾಂ. ಕಲ್ಯಾಣ ಮಂಟಪದಿಂದ ಸುಮಾರು 200 ಬಾಟಲ್ ತಂದು, ತೊಳೆದು, ಅಮ್ಮ, ತಮ್ಮ, ನಾನು ನಾಲ್ಕು ಸಂಜೆ ಕತ್ತರಿಸಿದ್ವಿ.

ಎಳೆಗಳನ್ನು ಒಂದೇ ಸಲ ಸುರಿದರೆ ಉಂಡೆ ಕಟ್ಟುತ್ತವೆ, ಹಾಗಾಗಿ ಸ್ವಲ್ಪಸ್ವಲ್ಪವೇ ಉದುರಿಸಿದೆ. ಕಾಂಕ್ರೀಟ್ ಗಟ್ಟಿಯಾಯ್ತು ಅಂತ ಕೆಲಸದ ಹುಡುಗ ನೀರಿನ ಬಕೆಟ್ ಎತ್ತಿದ. ಅಪ್ಪ ತಡೆದರು. “ನೀರು ಜಾಸ್ತಿ ಆದ್ರೆ ಯಾವ ಎಳೆ ಹಾಕಿದ್ರೂ ಅಷ್ಟೇ ಕಣೋ!” ಕರಣೆಗೆ ಸಿಕ್ಕಿ ಮೇಲೆದ್ದ ಎಳೆಗಳನ್ನು ಅವರೇ ಕೂತು ಒಂದೊಂದಾಗಿ ಆಯ್ದು ತೆಗೆದರು.

ಈಗ ಒಂದು ಬೇಸಿಗೆ ಕಳೆದಿದೆ. ಕಾಲುದಾರಿಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕಿದೆ, ಅಗಲವಾಗಿಲ್ಲ. ಊರಲ್ಲಿ ಯಾರಾದರೂ ವಿಚಾರಿಸಿದರೆ ಅಪ್ಪ ಹೇಳೋದಿಷ್ಟು. “ಕಾಲುದಾರಿಗೆ ಹಾಕ್ಕೊಳ್ಳಿ. ತಾರಸಿ ಕಂಬಿ ಉಳಿಸೋಕೆ ಮಾತ್ರ ಕೇಳ್ಬೇಡಿ, ನನ್ ಮಗಳು ಬಯ್ತಾಳೆ.”