ಬೀದರ್ ಸೀಮೆಯಲ್ಲಿ ಬಿದ್ದು ಬೀಟು!

ಬೀದರಿನ ಚೌಬಾರಾ ಬಳಿ 'ಕುರ್ಬಾನಿ'ಯ (1980) ಎಲ್‌ಪಿ ರೆಕಾರ್ಡು ಕೇಳಿದೆ. "ಭಾಲ್ಕಿಗೆ ಹೋಗ್ರಿ" ಅಂದ್ರು. ಭಾಲ್ಕಿಯ ಗುಜರಿಯಲ್ಲಿ ರಟ್ಟಿನ ಕವರು ಸಿಕ್ಕಿತು, ಒಳಗೆ ಖಾಲಿ!

ಅದರಲ್ಲಿ ನಾಜಿಯಾ ಹಸನ್ ಹಾಡಿಗೆ ಸಂಗೀತ ಕೊಟ್ಟ ಬಿದ್ದು ಯಾರು ಗೊತ್ತೇನ್ರೀ? ನಮ್ಮ ಬೆಂಗಳೂರಲ್ಲಿ ಹುಟ್ಟಿ ಲಂಡನ್ ಸೇರಿದವ. 1974ರಲ್ಲೇ 'ಕುಂಗ್ ಫೂ ಫೈಟಿಂಗ್' ತಯಾರಿಸಿ ಜಗತ್ತನ್ನೇ ಕುಣಿಸಿದವ. ಅಲ್ಲಿನ ಹುಡುಗರು ಸಿಂಥಸೈಜರ್ ಹಿಡಿದು 'ನ್ಯೂ ವೇವ್' ಎಬ್ಬಿಸಿದ್ದಾಗ ಈತ ಹಿಂದಿಗೆ ಡಿಸ್ಕೋ ಹುಚ್ಚು ಹತ್ತಿಸಿದ. ನನಗಂತೂ ಇವನ ಬೀಟೇ ಮೇಲು!

ಔರಾದಕ್ಕೆ ಬಸ್ ಹತ್ತಿದೆ. ಅಲ್ಲಿ ಒಬ್ಬ ಕಾಕಾ ಪೆಟ್ಟಿಗೆಯಿಂದ 'ಡಿಸ್ಕೋ ದೀವಾನೆ' (1981) ತೆಗೆದರು. ಪ್ಲೇಯರಿಗೆ ಮುಳ್ಳಿಲ್ಲ.

"ಕೊಡ್ತೀರೇನ್ರಿ?"

"ಸತ್ತ ತಮ್ಮ ತಂದದ್ದಪ್ಪಾ, ಮಾರಂಗಿಲ್ಲ. ಮುಳ್ಳು ಸಿಕ್ಕರ ತಗೊಂಡು ಬಾ, ಕೂಡಿ ಕೇಳೋಣು."

ಹೈದರಾಬಾದ್ ಬಸ್ಸಿನ ವೇಳೆ ಕೇಳಿಕೊಂಡೆ.